ನೀವು ಯಾರಿಗೆ ವೋಟು ಹಾಕಿದಿರಿ ಎಂಬುದು ಅವರಿಗೆ ಗೊತ್ತಾಗುತ್ತದೆಯೇ? ಬ್ರಿಟನ್ನಿನಿಂದ ಕೋಲಾರದವರೆಗೆ ಗುಟ್ಟಿನ ಮತದ ಕಥೆ

ಚುನಾವಣೆ ಹತ್ತಿರ ಬಂತೆಂದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಓಡಾಡಲು ಶುರುವಾಗುತ್ತದೆ. ಯಾರು ಯಾರಿಗೆ ವೋಟು ಹಾಕಿದರು ಎಂಬುದು ಮೆಷಿನ್‌ನಲ್ಲಿ ಉಳಿಯುತ್ತದೆ, ಎಣಿಕೆ ಮುಗಿದ ಮೇಲೆ ಪಟ್ಟಿ ಅಭ್ಯರ್ಥಿಯ ಕೈಗೆ ಸಿಗುತ್ತದೆ, ಒಬ್ಬರ ಹತ್ತಿರ ದುಡ್ಡು ತಗೊಂಡು ಇನ್ನೊಬ್ಬರಿಗೆ ಒತ್ತಿದವರು ಸಿಕ್ಕಿಬೀಳುತ್ತಾರೆ ಎಂಬುದು ಅದರ ಸಾರ. ಕೆಲವೊಮ್ಮೆ ಇದು ಬರಹವಾಗಿ ಬರುತ್ತದೆ, ಕೆಲವೊಮ್ಮೆ ಆಡಿಯೋ ಆಗಿ. ಕೊನೆಯಲ್ಲಿ ಎಲ್ಲರಿಗೂ ಕಳಿಸಿ ಎಂಬ ಮಾತು ಇದ್ದೇ ಇರುತ್ತದೆ.

ಚಿಕ್ಕ ಉತ್ತರ ಇಷ್ಟು: ನಿಮ್ಮೊಬ್ಬರ ಮತ ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಬೂತಿನ ಮತ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ. ಸಂದೇಶ ಇವೆರಡನ್ನೂ ಒಂದೇ ಮಾಡಿ ಹೆದರಿಸುತ್ತದೆ. ಅರ್ಧ ಸುಳ್ಳು, ಅರ್ಧ ನಿಜ ಸೇರಿಕೊಂಡಿರುವುದರಿಂದಲೇ ಅದು ಇಷ್ಟು ವರ್ಷ ಬದುಕಿದೆ ಎನ್ನುವುದು ನಮ್ಮ ಅಭಿಪ್ರಾಯ.

ಈ ಹೆದರಿಕೆಯಿಂದ ಯಾರಿಗೆ ಲಾಭ ಎಂದು ಒಂದು ನಿಮಿಷ ಯೋಚಿಸಿ. ಮತಕ್ಕೆ ದುಡ್ಡು ಹಂಚುವವನಿಗೆ ಒಂದು ದೊಡ್ಡ ತೊಂದರೆಯಿದೆ. ಅವನು ಕೊಡುವುದು ಮೊದಲು, ನೀವು ಒತ್ತುವುದು ಆಮೇಲೆ. ಒತ್ತುವಾಗ ನೀವು ಒಬ್ಬರೇ ಇರುತ್ತೀರಿ. ಕೊಟ್ಟ ಮಾಲಿಗೆ ರಸೀದಿ ಸಿಗದ ವ್ಯಾಪಾರ ಅದು. ಆದ್ದರಿಂದ ಅವನಿಗೆ ಎರಡು ಜಾಮೀನು ಬೇಕು: ಒಂದು ದೇವರ ಫೋಟೋ ಮುಂದೆ ಆಣೆ, ಇನ್ನೊಂದು ಹೇಗಾದರೂ ಗೊತ್ತಾಗುತ್ತದೆ ಎಂಬ ಭಯ. ಎರಡನೆಯದನ್ನು ನಮ್ಮ ಫಾರ್ವರ್ಡ್‌ಗಳು ಅವನಿಗೆ ಪುಕ್ಕಟೆಯಾಗಿ ಒದಗಿಸುತ್ತಿವೆ.

ಮತ ಗುಟ್ಟಾಗಿರಬೇಕು ಎಂಬುದು ಈಗ ಸಹಜವೆನಿಸುತ್ತದೆ. ಆದರೆ ಅದು ಮೊದಲಿನಿಂದ ಇದ್ದ ನಿಯಮವಲ್ಲ. ನಮ್ಮ ಚುನಾವಣಾ ಪದ್ಧತಿಯ ಬಹಳಷ್ಟು ಭಾಗ ಬಂದದ್ದು ಬ್ರಿಟನ್ನಿನ ಪಾರ್ಲಿಮೆಂಟಿನಿಂದ. ಅಲ್ಲಿ ಈ ಒಂದು ನಿಯಮಕ್ಕೆ ದಶಕಗಳ ಕಾಲ ಜಗಳವೇ ನಡೆದಿತ್ತು.

ಮತ ಕೂಗಿ ಹೇಳುತ್ತಿದ್ದ ಕಾಲ

1872ಕ್ಕಿಂತ ಮುಂಚೆ ಬ್ರಿಟನ್ನಿನಲ್ಲಿ ಮತಪೆಟ್ಟಿಗೆ ಇರಲಿಲ್ಲ, ಪರದೆಯೂ ಇರಲಿಲ್ಲ. ಊರ ನಡುವೆ ಮರದ ಅಟ್ಟಣೆ ಕಟ್ಟುತ್ತಿದ್ದರು. ಮತದಾರ ಅದರ ಮೇಲೆ ಹತ್ತಿ, ತನ್ನ ಹೆಸರು ಹೇಳಿ, ಯಾರಿಗೆ ಮತ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕಿತ್ತು. ಗುಮಾಸ್ತ ಬರೆದುಕೊಳ್ಳುತ್ತಿದ್ದ. ಕೆಳಗೆ ನಿಂತ ಜನ ಜೈಕಾರ ಹಾಕುತ್ತಿದ್ದರು, ಇಲ್ಲವೇ ಕೊಳೆತ ತರಕಾರಿ ಎಸೆಯುತ್ತಿದ್ದರು. ಆಮೇಲೆ ಯಾರು ಯಾರಿಗೆ ಮತ ಕೊಟ್ಟರು ಎಂಬ ಪಟ್ಟಿ ಪುಸ್ತಕವಾಗಿ ಅಚ್ಚಾಗಿ ಅಂಗಡಿಯಲ್ಲಿ ಮಾರಾಟಕ್ಕೆ ಬರುತ್ತಿತ್ತು. ನಮ್ಮ ಫಾರ್ವರ್ಡ್ ಹೆದರಿಸುವ ಆ ಪಟ್ಟಿ ಒಂದು ಕಾಲದಲ್ಲಿ ನಿಜವಾಗಿಯೂ ಇತ್ತು. ಆದರೆ ಅದು ಇದ್ದದ್ದು ಇಲ್ಲಿಂದ ಸಾವಿರಾರು ಮೈಲಿ ದೂರದಲ್ಲಿ, ನೂರೈವತ್ತು ವರ್ಷಗಳ ಹಿಂದೆ.

ಪಟ್ಟಿ ಇದ್ದ ಮೇಲೆ ಅದನ್ನು ಓದುವವರೂ ಇದ್ದರು. ಜಮೀನ್ದಾರ ಓದುತ್ತಿದ್ದ, ಕಾರ್ಖಾನೆ ಮಾಲೀಕ ಓದುತ್ತಿದ್ದ, ಸಾಲ ಕೊಟ್ಟವನು ಓದುತ್ತಿದ್ದ. ವೇಲ್ಸ್ ಪ್ರಾಂತದಲ್ಲಿ 1868ರ ಚುನಾವಣೆ ಮುಗಿದ ಮೇಲೆ, ತಮ್ಮ ಇಷ್ಟಕ್ಕೆ ವಿರುದ್ಧವಾಗಿ ಮತ ಕೊಟ್ಟ ಗೇಣಿದಾರರನ್ನು ಜಮೀನ್ದಾರರು ಹೊಲ ಬಿಡಿಸಿ ಹೊರಹಾಕಿದರು. ಕಾರ್ಡಿಗನ್‌ಶೈರ್, ಕಾರ್ಮಾರ್ಥೆನ್‌ಶೈರ್ ಜಿಲ್ಲೆಗಳಲ್ಲಿ ತಲೆಮಾರುಗಳಿಂದ ಉಳುತ್ತಿದ್ದ ಕುಟುಂಬಗಳು ಬೀದಿಗೆ ಬಿದ್ದವು. ಈ ಪ್ರಕರಣ ಪಾರ್ಲಿಮೆಂಟಿನಲ್ಲಿ ದೊಡ್ಡ ಗದ್ದಲವಾಯಿತು. ಗುಟ್ಟಿನ ಮತದ ಕಾನೂನು ಬರಲು ಇದೂ ಒಂದು ಕಾರಣ.

ಆಮಿಷಕ್ಕೂ ಕೊರತೆಯಿರಲಿಲ್ಲ. ಚುನಾವಣೆ ಎಂದರೆ ಹೆಂಡ, ಊಟ, ನಾಣ್ಯ. ವಿಲಿಯಂ ಹೊಗಾರ್ತ್ ಎಂಬ ಚಿತ್ರಕಾರ 1754ರ ಆಕ್ಸ್‌ಫರ್ಡ್‌ಶೈರ್ ಚುನಾವಣೆಯನ್ನು ಆಧರಿಸಿ ನಾಲ್ಕು ದೊಡ್ಡ ಚಿತ್ರಗಳನ್ನು ಬರೆದ. ಒಂದು ಚಿತ್ರದಲ್ಲಿ ಒಬ್ಬ ರೈತನ ಎರಡೂ ಪಕ್ಕದಲ್ಲಿ ಎರಡು ಪಕ್ಷದ ಏಜೆಂಟರು ನಿಂತು ಅವನ ಕೈಗೆ ದುಡ್ಡು ತುರುಕುತ್ತಿದ್ದಾರೆ. ಇನ್ನೊಂದರಲ್ಲಿ ಸಾಯುವ ಸ್ಥಿತಿಯಲ್ಲಿರುವವನನ್ನೂ ಹೊತ್ತು ತಂದು ಮತ ಹಾಕಿಸುತ್ತಿದ್ದಾರೆ. ಬಟ್ಟೆ, ಟೋಪಿ ಬದಲಾಯಿಸಿದರೆ ಇದು ನಮ್ಮ ಪಕ್ಕದ ಊರಿನ ಚಿತ್ರ ಅನ್ನಿಸಿದರೆ ಆಶ್ಚರ್ಯವಿಲ್ಲ.

ಅದಕ್ಕಿಂತ ವಿಚಿತ್ರವಾದದ್ದು ಓಲ್ಡ್ ಸೇರಂ. ಜನವಸತಿಯೇ ಇಲ್ಲದ ಒಂದು ಹಳೆಯ ದಿಬ್ಬ ಅದು. ಬೆರಳೆಣಿಕೆಯ ಮತದಾರರು, ಆದರೆ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರು! 1832ರ ಸುಧಾರಣೆಯಲ್ಲಿ ಅಂಥ ಕ್ಷೇತ್ರಗಳು ರದ್ದಾದವು.

ಗುಟ್ಟಿನ ಮತಕ್ಕೆ ಬೇಡಿಕೆ ಇಟ್ಟವರಲ್ಲಿ ಕಾರ್ಮಿಕರ ಚಾರ್ಟಿಸ್ಟ್ ಚಳವಳಿ ಮುಖ್ಯವಾದದ್ದು. 1838ರಲ್ಲೇ ಅವರು ಇದನ್ನು ತಮ್ಮ ಬೇಡಿಕೆಗಳ ಪಟ್ಟಿಯಲ್ಲಿ ಸೇರಿಸಿದ್ದರು. ವಿರೋಧಿಸಿದವರು ಬರೀ ಜಮೀನ್ದಾರರಲ್ಲ. ಸ್ವಾತಂತ್ರ್ಯದ ಬಗ್ಗೆ ಅಷ್ಟೊಂದು ಬರೆದ ಜಾನ್ ಸ್ಟುವರ್ಟ್ ಮಿಲ್ ಕೂಡ ವಿರೋಧಿಸಿದ್ದ. ಮತ ಎನ್ನುವುದು ಸಮಾಜ ನಮ್ಮ ಮೇಲೆ ಇಟ್ಟ ನಂಬಿಕೆ, ಅದನ್ನು ಎಲ್ಲರ ಎದುರಿಗೆ ಚಲಾಯಿಸಬೇಕು ಎಂಬುದು ಅವನ ವಾದ. ಕೇಳಲು ಚೆನ್ನಾಗಿದೆ. ಆದರೆ ಹೊಲ ಕಳೆದುಕೊಂಡ ಗೇಣಿದಾರನಿಗೆ ಆ ವಾದದಿಂದ ಏನೂ ಸಿಗುತ್ತಿರಲಿಲ್ಲ.

ದಾರಿ ತೋರಿಸಿದ್ದು ಆಸ್ಟ್ರೇಲಿಯಾ. ಅಲ್ಲಿನ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾ ವಸಾಹತುಗಳು 1856ರಲ್ಲೇ ಸರ್ಕಾರ ಅಚ್ಚು ಹಾಕಿಸಿದ ಮತಪತ್ರ, ಗುಟ್ಟಾಗಿ ಗುರುತು ಹಾಕಲು ಜಾಗ ಎಂಬ ಪದ್ಧತಿ ತಂದವು. ಬ್ರಿಟನ್ನಿನಲ್ಲಿ ಕಾನೂನು ಆದದ್ದು 1872ರಲ್ಲಿ. ಆ ವರ್ಷದ ಆಗಸ್ಟ್ 15ರಂದು ಯಾರ್ಕ್‌ಶೈರಿನ ಪಾಂಟಿಫ್ರಾಕ್ಟ್ ಎಂಬ ಊರಿನ ಉಪಚುನಾವಣೆಯಲ್ಲಿ ಅಲ್ಲಿನ ಜನ ಪಾರ್ಲಿಮೆಂಟಿಗೆ ಮೊದಲ ಸಲ ಪೆಟ್ಟಿಗೆಯೊಳಗೆ ಮತ ಹಾಕಿದರು. ಆ ಊರು ಜ್ಯೇಷ್ಠಮಧುವಿನ ಮಿಠಾಯಿಗೆ ಹೆಸರುವಾಸಿ. ಪೆಟ್ಟಿಗೆಗೆ ಅರಗಿನ ಮುದ್ರೆ ಒತ್ತಿದ್ದು ಮಿಠಾಯಿಯ ಮೇಲೆ ಒತ್ತುವ ಕೋಟೆ-ಗೂಬೆಯ ಅಚ್ಚಿನಿಂದಲೇ. ಹನ್ನೊಂದು ವರ್ಷದ ಮೇಲೆ, 1883ರಲ್ಲಿ, ಲಂಚ ಮತ್ತು ಬೆದರಿಕೆಯ ವಿರುದ್ಧ ಇನ್ನೊಂದು ಕಾನೂನು ಬಂತು. ಅಭ್ಯರ್ಥಿ ಎಷ್ಟು ಖರ್ಚು ಮಾಡಬಹುದು ಎಂಬ ಮಿತಿ ಹುಟ್ಟಿದ್ದು ಅಲ್ಲಿಂದ.

ಕೋಲಾರಕ್ಕೆ ಮತ ಬಂದದ್ದು

ಪಾಂಟಿಫ್ರಾಕ್ಟಿನಲ್ಲಿ ಪೆಟ್ಟಿಗೆಗೆ ಮತ ಬೀಳುತ್ತಿದ್ದ ಹೊತ್ತಿನಲ್ಲಿ ಕೋಲಾರವೂ ಅದೇ ಬ್ರಿಟಿಷರ ಆಡಳಿತದಲ್ಲಿತ್ತು. 1831ರಿಂದ ಮೈಸೂರು ಸಂಸ್ಥಾನವನ್ನು ಅವರ ಕಮಿಷನರುಗಳು ನಡೆಸುತ್ತಿದ್ದರು. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂತು. ಅದೇ ವರ್ಷ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಶುರುಮಾಡಿದರು. ತಾಲ್ಲೂಕುಗಳಿಂದ ಜಮೀನಿದ್ದ ರೈತರು, ಜಿಲ್ಲೆಗಳಿಂದ ವರ್ತಕರು, ಒಟ್ಟು 144 ಜನ. 1891ರಿಂದ ಅದಕ್ಕೆ ಚುನಾವಣೆ ನಡೆಯತೊಡಗಿತು. 1923ರಲ್ಲಿ ಹೆಂಗಸರಿಗೂ ಮತ ಹಾಕುವ ಅವಕಾಶವಾಯಿತು. ಆದರೆ ಆಸ್ತಿ, ಕಂದಾಯ ಇಂಥ ಅರ್ಹತೆ ಇದ್ದವರಿಗೆ ಮಾತ್ರ ಮತ. ಹೊಲದ ಕೂಲಿಯವರಿಗೆ, ಗಣಿಯಲ್ಲಿ ಇಳಿದು ಬ್ರಿಟಿಷ್ ಕಂಪನಿಗೆ ಚಿನ್ನ ತೆಗೆದುಕೊಡುತ್ತಿದ್ದ ಬಡ ಕಾರ್ಮಿಕರಿಗೆ ಅದರಲ್ಲಿ ಜಾಗವಿರಲಿಲ್ಲ.

ಎಲ್ಲರಿಗೂ ಮತ ಬಂದದ್ದು 1951-52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ. 21 ವರ್ಷ ತುಂಬಿದ ಯಾರು ಬೇಕಾದರೂ ಮತದಾರರು. ಆಗ ಕೋಲಾರ ಲೋಕಸಭಾ ಕ್ಷೇತ್ರದಿಂದ ಇಬ್ಬರು ಸಂಸದರು ಆಯ್ಕೆಯಾಗುತ್ತಿದ್ದರು, ಒಂದು ಸಾಮಾನ್ಯ ಸ್ಥಾನ, ಒಂದು ಪರಿಶಿಷ್ಟ ಜಾತಿಗೆ ಮೀಸಲು. ಎಂ.ವಿ. ಕೃಷ್ಣಪ್ಪ ಮತ್ತು ದೊಡ್ಡತಿಮ್ಮಯ್ಯ ಗೆದ್ದರು. 1957ರಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾಗಿದ್ದ, ಇದೇ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ ಅವರು ದೊಡ್ಡತಿಮ್ಮಯ್ಯನವರ ಜೊತೆ ಗೆದ್ದರು. ಎರಡು ಸ್ಥಾನದ ಕ್ಷೇತ್ರಗಳನ್ನು 1961ರ ಕಾನೂನಿನಿಂದ ರದ್ದು ಮಾಡಿದ ಮೇಲೆ ಕೋಲಾರ ಒಬ್ಬರೇ ಸಂಸದರ ಮೀಸಲು ಕ್ಷೇತ್ರವಾಯಿತು.

ಮೊದಲ ಎರಡು ಚುನಾವಣೆಗಳಲ್ಲಿ ಮತ ಹಾಕುವ ಕ್ರಮ ಈಗಿನ ಹಾಗೆ ಇರಲಿಲ್ಲ. ಮತಪತ್ರದ ಮೇಲೆ ಅಭ್ಯರ್ಥಿಯ ಹೆಸರಾಗಲಿ ಗುರುತಾಗಲಿ ಇರುತ್ತಿರಲಿಲ್ಲ. ಅದು ಒಂದು ರೂಪಾಯಿ ನೋಟಿನಷ್ಟು ದೊಡ್ಡ ಚೀಟಿ. ಪರದೆಯ ಹಿಂದೆ ಪ್ರತಿ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವರ ಚಿಹ್ನೆ. ಕಾಂಗ್ರೆಸ್ಸಿನದು ಜೋಡೆತ್ತು. ಓದು ಬರದವರೂ ಚಿಹ್ನೆ ನೋಡಿ ಚೀಟಿ ಹಾಕಿದರೆ ಮುಗಿಯಿತು. ಎರಡು ಸ್ಥಾನದ ಕ್ಷೇತ್ರವಾದ್ದರಿಂದ ಕೋಲಾರದವರಿಗೆ ಎರಡು ಚೀಟಿ ಸಿಗುತ್ತಿತ್ತು, ಎರಡನ್ನೂ ಬೇರೆ ಬೇರೆ ಪೆಟ್ಟಿಗೆಗೆ ಹಾಕಬೇಕಿತ್ತು.

ಗುಟ್ಟು ಉಳಿಯಿತು, ಸರಿ. ಆದರೆ ಆ ಪದ್ಧತಿಯಲ್ಲಿ ಒಂದು ತೂತು ಇತ್ತು. ಪರದೆಯ ಹಿಂದೆ ಹೋದವನು ಚೀಟಿಯನ್ನು ಪೆಟ್ಟಿಗೆಗೆ ಹಾಕದೆ ಜೇಬಿಗೆ ಹಾಕಿಕೊಂಡು ಬರಬಹುದಿತ್ತು. ಹೊರಗೆ ಅದನ್ನು ಮಾರಬಹುದಿತ್ತು. ಕೊಂಡವನು ಹತ್ತಾರು ಚೀಟಿ ಸೇರಿಸಿ, ತನ್ನ ಸರದಿ ಬಂದಾಗ ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ತುರುಕಬಹುದಿತ್ತು. ಹೀಗಾಗಿ 1962ರ ಹೊತ್ತಿಗೆ ಹೆಸರು, ಚಿಹ್ನೆ ಅಚ್ಚಾದ ಮತಪತ್ರದ ಮೇಲೆ ಮುದ್ರೆ ಒತ್ತುವ ಕ್ರಮ ಬಂತು. ಅದಕ್ಕೂ ಚಾಲಾಕಿಗಳು ಉಪಾಯ ಹುಡುಕಿದರು. ಮೊದಲನೆಯವನು ಖಾಲಿ ಮತಪತ್ರವನ್ನು ಹೊರಗೆ ತರುತ್ತಾನೆ, ಏಜೆಂಟ್ ಅದಕ್ಕೆ ಮುದ್ರೆ ಒತ್ತಿ ಎರಡನೆಯವನ ಕೈಗೆ ಕೊಡುತ್ತಾನೆ, ಅವನು ಅದನ್ನು ಪೆಟ್ಟಿಗೆಗೆ ಹಾಕಿ ತನಗೆ ಸಿಕ್ಕ ಖಾಲಿ ಪತ್ರವನ್ನು ತಂದು ಒಪ್ಪಿಸುತ್ತಾನೆ. ಸರಪಳಿ ಹೀಗೇ ಮುಂದುವರಿಯುತ್ತದೆ. ಮತ ಮಾರಿದವನಿಂದ ರಸೀದಿ ಪಡೆಯುವ ಉಪಾಯ ಇದು. ಬ್ರಿಟನ್ನು, ಆಸ್ಟ್ರೇಲಿಯಾಗಳಲ್ಲೂ ಇದೇ ತಂತ್ರ ಗೊತ್ತಿತ್ತು.

ಬೆರಳಿನ ಶಾಯಿಯ ವಿಷಯ ಇಲ್ಲಿ ಹೇಳಿಬಿಡೋಣ, ಏಕೆಂದರೆ ಅದರ ಬಗ್ಗೆಯೂ ಪ್ರತಿ ಸಲ ಒಂದಿಷ್ಟು ಸಂದೇಶ ಬರುತ್ತವೆ. 1962ರಿಂದ ಇದನ್ನು ತಯಾರಿಸುತ್ತಿರುವುದು ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆ. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ, ಶುರುವಾದದ್ದು. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನ ಜೊತೆ ಸೇರಿ, ಬೆಳಕು ಬಿದ್ದಾಗ ಕಪ್ಪಾಗುತ್ತದೆ. ಸೋಪು ಹಚ್ಚಿ ತಿಕ್ಕಿದರೆ ಹೋಗುವುದಿಲ್ಲ, ಉಗುರು ಬೆಳೆದಂತೆ ಹೋಗುತ್ತದೆ. ನೀವು ಮತ ಹಾಕಿದ್ದೀರಿ ಎಂಬುದು ಊರಿಗೆಲ್ಲ ಕಾಣಬೇಕು, ಯಾರಿಗೆ ಎಂಬುದು ಕಾಣಬಾರದು. ಶಾಯಿ ಹೇಳುವುದು ಮೊದಲನೆಯದನ್ನು ಮಾತ್ರ.

ಮೆಷಿನ್ ಏನನ್ನು ಬರೆದಿಡುತ್ತದೆ?

ಈಗ ಫಾರ್ವರ್ಡ್‌ನ ಮುಖ್ಯ ಮಾತಿಗೆ ಬರೋಣ. 2004ರ ಲೋಕಸಭಾ ಚುನಾವಣೆಯಿಂದ ದೇಶದ ಎಲ್ಲ ಕಡೆ ಇವಿಎಂ ಬಳಕೆಯಲ್ಲಿದೆ. ಅದನ್ನು ತಯಾರಿಸುವ ಎರಡು ಸರ್ಕಾರಿ ಕಂಪನಿಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್.

ಬೂತಿನೊಳಗೆ ನಿಮ್ಮ ಹೆಸರು ದಾಖಲಾಗುವುದು ಒಂದು ರಿಜಿಸ್ಟರಿನಲ್ಲಿ. ಅದನ್ನು 17ಎ ನಮೂನೆ ಎನ್ನುತ್ತಾರೆ. ಕ್ರಮಸಂಖ್ಯೆ, ಮತದಾರರ ಪಟ್ಟಿಯಲ್ಲಿ ನಿಮ್ಮ ನಂಬರು, ನೀವು ತೋರಿಸಿದ ಗುರುತಿನ ಚೀಟಿ, ಸಹಿ ಅಥವಾ ಹೆಬ್ಬೆಟ್ಟು, ಇಷ್ಟು ಅದರಲ್ಲಿರುತ್ತದೆ. ಯಾರಿಗೆ ಹಾಕಿದಿರಿ ಎಂದು ಬರೆಯಲು ಅದರಲ್ಲಿ ಜಾಗವೇ ಇಲ್ಲ. ಆಮೇಲೆ ಅಧಿಕಾರಿ ತಮ್ಮ ಮುಂದಿರುವ ಕಂಟ್ರೋಲ್ ಯೂನಿಟ್‌ನ ಗುಂಡಿ ಒತ್ತಿ ಒಂದು ಮತಕ್ಕೆ ಅವಕಾಶ ಕೊಡುತ್ತಾರೆ. ಆ ಯಂತ್ರಕ್ಕೆ ನಿಮ್ಮ ಹೆಸರು ಗೊತ್ತಿಲ್ಲ, ಆಧಾರ್ ಗೊತ್ತಿಲ್ಲ, ಮುಖ ಗೊತ್ತಿಲ್ಲ. ನೀವು ಯಾರಿಗೆ ಒತ್ತಿದರೂ ಬೀಪ್ ಶಬ್ದ ಒಂದೇ. ವಿವಿಪ್ಯಾಟ್ ಕಿಟಕಿಯಲ್ಲಿ 7 ಸೆಕೆಂಡ್ ಕಾಣುವ ಚೀಟಿಯಲ್ಲಿ ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆ ಇರುತ್ತದೆ, ನಿಮ್ಮದು ಏನೂ ಇರುವುದಿಲ್ಲ. ಚೀಟಿ ತುಂಡಾಗಿ ಕೆಳಗಿನ ಡಬ್ಬಿಗೆ ಬೀಳುತ್ತದೆ. ಎಣಿಕೆಯ ದಿನ ಫಲಿತಾಂಶದ ಗುಂಡಿ ಒತ್ತಿದಾಗ ಬರುವುದು ಯಾರಿಗೆ ಒಟ್ಟು ಎಷ್ಟು ಎಂಬ ಲೆಕ್ಕ ಮಾತ್ರ.

2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಬೂತುಗಳ ವಿವಿಪ್ಯಾಟ್ ಚೀಟಿಗಳನ್ನು ಎಣಿಸಿ ಮೆಷಿನ್ ಲೆಕ್ಕದ ಜೊತೆ ಹೋಲಿಸಬೇಕು ಎಂದಿತು. ಕೋಲಾರ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ, ಅಂದರೆ 40 ಬೂತು. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಅರ್ಜಿಯನ್ನು ಕೋರ್ಟ್ ತಳ್ಳಿಹಾಕಿದ್ದು 2024ರ ಏಪ್ರಿಲ್ 26ರಂದು. ಕಾಕತಾಳೀಯವೆಂದರೆ ಕೋಲಾರದಲ್ಲಿ ಲೋಕಸಭೆಗೆ ಮತದಾನ ನಡೆದದ್ದೂ ಅದೇ ದಿನ, ನೂರಕ್ಕೆ 78ರಷ್ಟು ಜನ ಮತ ಹಾಕಿದ್ದರು. ಮೆಷಿನ್ ಸರಿಯಾಗಿ ಎಣಿಸುತ್ತದೆಯೇ ಎಂಬುದು ಒಂದು ಪ್ರಶ್ನೆ, ನಿಮ್ಮ ಮತವನ್ನು ಯಾರಿಗಾದರೂ ಹೇಳಿಬಿಡುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಈ ಎರಡನ್ನೂ ಕಲಸಬೇಡಿ.

ಬ್ರಿಟನ್ನಿನಲ್ಲಿ ಇವತ್ತಿಗೂ ಕಾಗದದ ಮತಪತ್ರವೇ ಇದೆ, ಪ್ರತಿ ಪತ್ರಕ್ಕೂ ಒಂದು ನಂಬರು ಇರುತ್ತದೆ. ಕೋರ್ಟ್ ಆದೇಶ ಇದ್ದರೆ ಆ ನಂಬರು ಹಿಡಿದು ಮತದಾರರನ್ನು ಪತ್ತೆ ಮಾಡಲು ಸಾಧ್ಯ. ಆ ಲೆಕ್ಕದಲ್ಲಿ ನಮ್ಮ ಮೆಷಿನ್ ಮತವೇ ಹೆಚ್ಚು ಗುಟ್ಟಿನದು.

ಇನ್ನು ಫೋಟೋ. ವೋಟು ಹಾಕಿದ ಫೋಟೋ ತಂದು ತೋರಿಸಿ, ಆಮೇಲೆ ಬಾಕಿ ದುಡ್ಡು ಎನ್ನುವವರಿದ್ದಾರೆ. ಹಳೆಯ ಸರಪಳಿ ತಂತ್ರದ ಮೊಬೈಲ್ ರೂಪ ಇದು. ಬೂತಿನೊಳಗೆ ಮೊಬೈಲ್ ಬಳಸುವಂತಿಲ್ಲ. ಗುಟ್ಟು ಕಾಪಾಡುವ ಕ್ರಮವನ್ನು ಎಚ್ಚರಿಸಿದರೂ ಪಾಲಿಸದ ಮತದಾರರಿಗೆ ಮತ ಹಾಕಲು ಬಿಡದೆ ರಿಜಿಸ್ಟರಿನಲ್ಲಿ ಹಾಗೆಂದು ಬರೆಯುವ ಅಧಿಕಾರ ಅಧಿಕಾರಿಗೆ ಇದೆ. ಚುನಾವಣಾ ಕೆಲಸದಲ್ಲಿರುವವರು ಗುಟ್ಟು ಬಿಟ್ಟುಕೊಟ್ಟರೆ ಮೂರು ತಿಂಗಳವರೆಗೆ ಜೈಲು. ಲೋಕಸಭೆ, ವಿಧಾನಸಭೆಗೆ ನೀವು ಯಾರಿಗೆ ಮತ ಹಾಕಿದಿರಿ ಎಂದು ಹೇಳಲು ಕೋರ್ಟಿನ ಕಟಕಟೆಯಲ್ಲೂ ನಿಮ್ಮನ್ನು ಬಲವಂತ ಮಾಡುವಂತಿಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 94ನೇ ಕಲಂ ಹೇಳುವುದು ಇದನ್ನೇ.

ಆಣೆ ಹಾಕಿಸಿಕೊಂಡರೆ?

ಮುಳಬಾಗಿಲು ತಾಲ್ಲೂಕಿನ ಕುರುಡುಮಲೆ ಗಣಪತಿಗೂ ಚುನಾವಣಾ ಪ್ರಚಾರಕ್ಕೂ ಹಳೆಯ ನಂಟು. 1999ರಲ್ಲಿ ಎಸ್.ಎಂ. ಕೃಷ್ಣ ಅವರ ಪಾಂಚಜನ್ಯ ಯಾತ್ರೆ ಅಲ್ಲಿಂದ ಹೊರಟಿತು. 2022ರ ನವೆಂಬರ್‌ನಲ್ಲಿ ಜೆಡಿಎಸ್‌ನ ಪಂಚರತ್ನ ರಥಯಾತ್ರೆಯೂ, ಮರುವರ್ಷ ಡಿ.ಕೆ. ಶಿವಕುಮಾರ್ ಅವರ ಪ್ರಜಾಧ್ವನಿ ಯಾತ್ರೆಯೂ ಅಲ್ಲಿಂದಲೇ ಶುರುವಾದವು. ಅಭ್ಯರ್ಥಿ ತನಗಾಗಿ ಪೂಜೆ ಮಾಡಿಸುವುದಕ್ಕೆ ಯಾರ ತಕರಾರೂ ಇಲ್ಲ. ಮತದಾರರ ಕೈಯಲ್ಲಿ ಆಣೆ ಹಾಕಿಸುವುದು ಬೇರೆ ಮಾತು.

ಭಾರತೀಯ ನ್ಯಾಯ ಸಂಹಿತೆಯ 171ನೇ ಕಲಂ ನೋಡಿ. ಮತ ಹಾಕದಿದ್ದರೆ ದೇವರ ಕೋಪಕ್ಕೆ ಗುರಿಯಾಗುತ್ತೀರಿ ಎಂದು ಮತದಾರರನ್ನು ನಂಬಿಸುವುದು ಚುನಾವಣೆಯಲ್ಲಿ ಅನುಚಿತ ಪ್ರಭಾವ ಎಂದು ಅದು ಹೇಳುತ್ತದೆ. ಒಂದು ವರ್ಷದವರೆಗೆ ಶಿಕ್ಷೆಯಿದೆ. ಇದು ಹೊಸ ಮಾತಲ್ಲ, ಹಳೆಯ ದಂಡಸಂಹಿತೆಗೆ 1920ರಲ್ಲೇ ಸೇರಿಸಿದ್ದು. ಅದಕ್ಕೂ ಹಿಂದೆ ಬ್ರಿಟನ್ನಿನ 1883ರ ಕಾನೂನು, ಮೈಗೆ ಆಸ್ತಿಗೆ ಮಾಡುವ ಹಾನಿಯ ಜೊತೆಗೆ ಆತ್ಮಕ್ಕೆ ಹಾನಿಯಾಗುತ್ತದೆಂದು ಹೆದರಿಸುವುದನ್ನೂ ಅಪರಾಧವೆಂದು ಪಟ್ಟಿ ಮಾಡಿತ್ತು. ಎಂದರೆ ಆಣೆಯ ಉಪಾಯ ಎಲ್ಲ ದೇಶದ ರಾಜಕಾರಣಿಗಳಿಗೂ ಹೊಳೆದಿತ್ತು, ಕಾನೂನು ಮಾಡುವವರಿಗೂ ಅದು ಗೊತ್ತಿತ್ತು.

ದುಡ್ಡು, ಕುಕ್ಕರು, ಸೀರೆ, ಕೂಪನ್ನು ಯಾವುದಾದರೂ ಸರಿ, ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ತೆಗೆದುಕೊಂಡವರು ಅವರಿಗೇ ಹಾಕಬೇಕು ಎಂಬ ಕರಾರಿಗೆ ಯಾವ ಕಾನೂನಿನ ಬಲವೂ ಇಲ್ಲ. ಕಾನೂನಿಗೆ ವಿರುದ್ಧವಾದ ಉದ್ದೇಶದ ಕರಾರು ಕರಾರೇ ಅಲ್ಲ. ಆಣೆ ಹಾಕಿಸುತ್ತಿರುವುದು, ಹಂಚುತ್ತಿರುವುದು ಕಂಡರೆ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೋ ಅಥವಾ ವಿಡಿಯೋ ಹಾಕಬಹುದು. 100 ನಿಮಿಷದೊಳಗೆ ಕ್ರಮ ತೆಗೆದುಕೊಳ್ಳಬೇಕೆಂಬುದು ಆಯೋಗ ಇಟ್ಟುಕೊಂಡ ಗಡುವು.

ಗುಟ್ಟು ನಿಜವಾಗಿ ಸೋರುವ ಜಾಗ ಬೇರೆಯೇ ಇದೆ. ಅಜ್ಜಿಗೆ ಕಣ್ಣು ಕಾಣಿಸಲ್ಲ, ನಾನೇ ಒತ್ತುತ್ತೀನಿ ಎಂದು ಏಜೆಂಟನ ಕಡೆಯವನೊಬ್ಬ ಐದಾರು ಜನ ವಯಸ್ಸಾದವರನ್ನು ಕರೆದುಕೊಂಡು ಬರುವುದು. ನಿಯಮ ಹಾಗಿಲ್ಲ. ಕಣ್ಣು ಕಾಣದವರು, ಅಶಕ್ತರು ತಮ್ಮ ಜೊತೆ 18 ವರ್ಷ ತುಂಬಿದ ಒಬ್ಬರನ್ನು ಕರೆತರಬಹುದು. ಆದರೆ ಒಬ್ಬರು ಆ ದಿನ ಒಬ್ಬ ಮತದಾರರಿಗೆ ಮಾತ್ರ ಸಹಾಯ ಮಾಡಬಹುದು, ಗುಟ್ಟು ಕಾಪಾಡುತ್ತೇನೆ ಎಂದು ಬರೆದುಕೊಡಬೇಕು. ಮನೆಯ ಮೊಮ್ಮಗಳು ಬರಲಿ, ಊರ ಮುಖಂಡ ಬೇಡ. 2024ರಲ್ಲಿ 85 ವರ್ಷ ದಾಟಿದವರಿಗೆ ಮನೆಯಲ್ಲೇ ಮತ ಹಾಕುವ ಅವಕಾಶವೂ ಇತ್ತು.

ನೋಟಾ ಹುಟ್ಟಿದ್ದೂ ಗುಟ್ಟಿನ ಕಾರಣಕ್ಕೇ. ಮೊದಲು ಯಾರಿಗೂ ಮತ ಬೇಡ ಎನ್ನುವವರು ಅಧಿಕಾರಿಯ ಮುಂದೆ ಹೇಳಿ ರಿಜಿಸ್ಟರಿನಲ್ಲಿ ಸಹಿ ಹಾಕಬೇಕಿತ್ತು, ಸುತ್ತ ಕೂತ ಏಜೆಂಟರಿಗೆಲ್ಲ ಗೊತ್ತಾಗುತ್ತಿತ್ತು. ಇದು ಗುಟ್ಟಿನ ಹಕ್ಕಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 2013ರ ಸೆಪ್ಟೆಂಬರ್ 27ರಂದು ಹೇಳಿತು, ಮೆಷಿನ್‌ನಲ್ಲಿ ನೋಟಾ ಗುಂಡಿ ಬಂತು. (ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ ನೋಟಾಗೆ ಹೆಚ್ಚು ಮತ ಬಂದರೆ ಮರುಚುನಾವಣೆ ಎಂಬ ಫಾರ್ವರ್ಡ್ ಸುಳ್ಳು. ಅಭ್ಯರ್ಥಿಗಳಲ್ಲಿ ಯಾರಿಗೆ ಹೆಚ್ಚೋ ಅವರೇ ಗೆಲ್ಲುತ್ತಾರೆ.)

ಶಾಸಕರಿಗೆ ಈ ಗುಟ್ಟು ಎಲ್ಲ ಕಡೆ ಇಲ್ಲ. ರಾಜ್ಯಸಭೆ ಚುನಾವಣೆಯಲ್ಲಿ ಅವರು ತಮ್ಮ ಪಕ್ಷದ ಏಜೆಂಟರಿಗೆ ಮತಪತ್ರ ತೋರಿಸಬೇಕು. 2022ರ ಜೂನ್‌ನಲ್ಲಿ ಆಗಿನ ಕೋಲಾರದ ಜೆಡಿಎಸ್ ಶಾಸಕ ಕೆ. ಶ್ರೀನಿವಾಸಗೌಡರು ಕಾಂಗ್ರೆಸ್ಸಿಗೆ ಮತ ಹಾಕಿ, ಆ ಪಕ್ಷ ತಮಗೆ ಇಷ್ಟ ಎಂದು ಹೊರಗೆ ಬಂದು ವರದಿಗಾರರ ಮುಂದೆ ಹೇಳಿದ್ದು ಹಲವರಿಗೆ ನೆನಪಿರಬಹುದು. ನಮ್ಮ ಪ್ರತಿನಿಧಿ ಏನು ಮಾಡುತ್ತಾರೆಂದು ನಮಗೆ ತಿಳಿಯಬೇಕು, ನಾವು ಏನು ಮಾಡುತ್ತೇವೆಂದು ಅವರಿಗೆ ತಿಳಿಯಬಾರದು. ವ್ಯತ್ಯಾಸಕ್ಕೆ ಅರ್ಥವಿದೆ.

ಮತ ಗುಟ್ಟಾಗಿ ಉಳಿದಿದೆ ಎನ್ನುವುದಕ್ಕೆ ಕೋಲಾರದ ಫಲಿತಾಂಶಗಳನ್ನೇ ನೋಡಬಹುದು. 1984ರಲ್ಲಿ ಇಂದಿರಾ ಗಾಂಧಿ ಹತ್ಯೆಯ ನಂತರದ ಅಲೆಯಲ್ಲಿ ಕಾಂಗ್ರೆಸ್ ಕರ್ನಾಟಕದ 28ರಲ್ಲಿ 24 ಸ್ಥಾನ ಗೆದ್ದಾಗ, ಕೈತಪ್ಪಿದ ನಾಲ್ಕರಲ್ಲಿ ಕೋಲಾರವೂ ಒಂದು, ಜನತಾ ಪಕ್ಷದ ವಿ. ವೆಂಕಟೇಶ್ ಗೆದ್ದರು. 1991ರಿಂದ ಸತತ ಏಳು ಸಲ ಗೆದ್ದಿದ್ದ ಕೆ.ಎಚ್. ಮುನಿಯಪ್ಪ ಅವರು 2019ರಲ್ಲಿ ಎಸ್. ಮುನಿಸ್ವಾಮಿ ಅವರ ಎದುರು ಸೋತರು. ಪಟ್ಟಿ ಯಾರದೋ ಕೈಗೆ ಸಿಗುತ್ತದೆಂದು ಜನ ನಿಜವಾಗಿ ನಂಬಿದ್ದರೆ ಇಂಥ ಫಲಿತಾಂಶಗಳು ಬರುವುದು ಕಷ್ಟ.

ಗೊತ್ತಾಗುವುದು ಬೂತಿನ ಲೆಕ್ಕ

ಫಾರ್ವರ್ಡ್‌ನ ನಿಜವಾದ ಅರ್ಧ ಇಲ್ಲಿದೆ. ಕಾಗದದ ಕಾಲದ ಕೊನೆಯ ದಶಕಗಳಲ್ಲಿ ಹಲವು ಬೂತುಗಳ ಮತಪತ್ರಗಳನ್ನು ಒಟ್ಟಿಗೆ ಬೆರೆಸಿ ಎಣಿಸುತ್ತಿದ್ದರು. ಯಾವ ಊರು ಯಾರಿಗೆ ಕೊಟ್ಟಿತು ಎಂದು ಹೇಳುವುದು ಕಷ್ಟವಿತ್ತು. ಇವಿಎಂ ಬಂದ ಮೇಲೆ ಬೂತಿಗೊಂದು ಮೆಷಿನ್, ಮೆಷಿನ್‌ಗೊಂದು ಲೆಕ್ಕ. ಈ ಬೂತುವಾರು ಲೆಕ್ಕ 20ನೇ ನಮೂನೆಯಲ್ಲಿ ಎಲ್ಲರಿಗೂ ಸಿಗುತ್ತದೆ. ಒಂದು ಬೂತು ಎಂದರೆ ಒಂದೆರಡು ಹಳ್ಳಿ, ಪಟ್ಟಣದಲ್ಲಿ ನಾಲ್ಕೈದು ಬೀದಿ. ಯಾವ ಬೀದಿಯಲ್ಲಿ ಯಾರಿದ್ದಾರೆ ಎಂದು ಗೊತ್ತಿರುವ ಕಾರ್ಯಕರ್ತನಿಗೆ ಇಷ್ಟು ಸಾಕು.

ಅಂತರ ಚಿಕ್ಕದಾದಷ್ಟೂ ಈ ಲೆಕ್ಕದ ಬೆಲೆ ಹೆಚ್ಚು. 2023ರ ವಿಧಾನಸಭಾ ಚುನಾವಣೆಯಲ್ಲಿ ಮಾಲೂರಿನಲ್ಲಿ ಗೆಲುವಿನ ಅಂತರ 248 ಮತ, ಮರುಎಣಿಕೆಯ ಜಗಳ ಹೈಕೋರ್ಟ್, ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಶ್ರೀನಿವಾಸಪುರದಲ್ಲಿ 1978ರಿಂದ ಕೆ.ಆರ್. ರಮೇಶ್ ಕುಮಾರ್, ಜಿ.ಕೆ. ವೆಂಕಟಶಿವಾರೆಡ್ಡಿ ಎಂಬ ಇಬ್ಬರೇ ಗೆಲ್ಲುತ್ತ ಬಂದಿದ್ದಾರೆ, 2013ರವರೆಗೆ ಒಮ್ಮೆ ಇವರು ಒಮ್ಮೆ ಅವರು. ಇಂಥ ಕಡೆ ಒಂದೊಂದು ಬೂತಿನ ಲೀಡನ್ನೂ ಕಾರ್ಯಕರ್ತರು ಕಾಯ್ದುಕೊಂಡು ಕೂತಿರುತ್ತಾರೆ.

ಇದರಿಂದ ತೊಂದರೆಯೂ ಆಗಬಹುದು. ನಿಮ್ಮೂರಿಂದ ಲೀಡ್ ಬರಲಿಲ್ಲ, ಬೋರ್‌ವೆಲ್ ಕೇಳಬೇಡಿ ಎನ್ನಲು ಒಬ್ಬೊಬ್ಬರ ಮತ ಗೊತ್ತಾಗಬೇಕಿಲ್ಲ. 2019ರಲ್ಲಿ ಉತ್ತರ ಪ್ರದೇಶದ ಒಬ್ಬ ಅಭ್ಯರ್ಥಿ, ಎಷ್ಟು ಮತ ಬಂತು ಎಂಬುದರ ಮೇಲೆ ಊರುಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸಿ ಕೆಲಸ ಮಾಡಿಕೊಡುತ್ತೇವೆ ಎಂದು ಬಹಿರಂಗ ಭಾಷಣದಲ್ಲೇ ಹೇಳಿದ್ದರು. ಚುನಾವಣಾ ಆಯೋಗ ಎಚ್ಚರಿಕೆ ಕೊಟ್ಟಿತು. ಹೊಲ ಬಿಡಿಸುವ ವೇಲ್ಸಿನ ಜಮೀನ್ದಾರನಷ್ಟು ಕ್ರೂರವಲ್ಲದಿದ್ದರೂ ಜಾತಿ ಅದೇ. ಅವನಿಗೆ ವ್ಯಕ್ತಿ ಸಿಗುತ್ತಿದ್ದ, ಇವರಿಗೆ ಊರು ಸಿಗುತ್ತದೆ.

ಪರಿಹಾರವೂ ಹಳೆಯದೇ, ಬೆರೆಸಿ ಎಣಿಸುವುದು. ಟೋಟಲೈಜರ್ ಎಂಬ ಉಪಕರಣಕ್ಕೆ ಹಲವು ಬೂತುಗಳ ಮೆಷಿನ್‌ಗಳನ್ನು ಜೋಡಿಸಿದರೆ ಒಟ್ಟು ಲೆಕ್ಕ ಮಾತ್ರ ಬರುತ್ತದೆ, ಬೂತಿನ ಲೆಕ್ಕ ಬರುವುದಿಲ್ಲ. ಇದನ್ನು ಬಳಸಲು ಚುನಾವಣಾ ಆಯೋಗ 2008ರಲ್ಲೇ ಕೇಂದ್ರ ಸರ್ಕಾರವನ್ನು ಕೇಳಿತ್ತು. ಕಾನೂನು ಆಯೋಗವೂ 2015ರ ತನ್ನ 255ನೇ ವರದಿಯಲ್ಲಿ ಶಿಫಾರಸು ಮಾಡಿತು. ಕೇಂದ್ರ ಒಪ್ಪಲಿಲ್ಲ. ಬೂತುವಾರು ಲೆಕ್ಕ ಇದ್ದರೆ ಅಕ್ರಮ ಪತ್ತೆ ಹಚ್ಚಲು, ಪಕ್ಷಗಳು ಎಲ್ಲಿ ಹಿಂದಿವೆ ಎಂದು ತಿಳಿಯಲು ಅನುಕೂಲ ಎನ್ನುವವರೂ ಇದ್ದಾರೆ. ಆ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಆದರೂ ಕೊನೇ ಪಕ್ಷ ಚಿಕ್ಕ ಹಳ್ಳಿಗಳ ಬೂತುಗಳನ್ನಾದರೂ ಬೆರೆಸಬೇಕು ಎಂಬುದು ನಮ್ಮ ನಿಲುವು. ಬೂತಿನಲ್ಲಿ ಜನ ಕಡಿಮೆಯಾದಷ್ಟೂ ಗುಟ್ಟು ತೆಳುವಾಗುತ್ತದೆ. ಒಬ್ಬ ಅಭ್ಯರ್ಥಿಗೆ ಒಂದು ಬೂತಿನಲ್ಲಿ ಸೊನ್ನೆ ಬಂದರೆ, ಅಲ್ಲಿನ ಪ್ರತಿಯೊಬ್ಬರೂ ಅವರಿಗೆ ಹಾಕಲಿಲ್ಲ ಎಂಬುದು ಆ ಕ್ಷಣಕ್ಕೇ ಗೊತ್ತಾಯಿತಲ್ಲ. ಸರತಿ ಸಾಲು ಚಿಕ್ಕದಾಗಲಿ ಎಂದು ಆಯೋಗ 2025ರಲ್ಲಿ ಒಂದು ಬೂತಿನ ಮತದಾರರ ಗರಿಷ್ಠ ಸಂಖ್ಯೆಯನ್ನು 1,500ರಿಂದ 1,200ಕ್ಕೆ ಇಳಿಸಲು ತೀರ್ಮಾನಿಸಿತು. ಬಿಸಿಲಿನಲ್ಲಿ ನಿಲ್ಲುವವರಿಗೆ ಅನುಕೂಲವೇ. ಬೂತಿನ ಲೆಕ್ಕ ಓದುವವರಿಗೂ ಅಷ್ಟೇ ಅನುಕೂಲ.